ಕೋಕಕ್ಕೆ ಎರಡು ಸಾಲು: ಅಡಿಕೆ ಅಂಗಡಿಯೊಂದರ ಜಾವಾ ಮ್ಯಾಪ್‌ಗಳ ಪ್ರಕರಣ ಅಧ್ಯಯನ

ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಡಿ ಇದೆ. ಅಲ್ಲಿ ಬಿಲ್ ಮಾಡುವ ಪ್ರೋಗ್ರಾಂ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಬೆಳೆಗಾರರು ತಂದ ಸರಕನ್ನು ಗೋಣಿ ಸಮೇತ ತೂಗುತ್ತಾರೆ. ಆಮೇಲೆ ಗೋಣಿಯ ತೂಕ ಕಳೆದು, ಉಳಿದದ್ದಕ್ಕೆ ಆ ದಿನದ ದರ ಹಾಕುತ್ತಾರೆ. ಬಿಲ್ಲಿನಲ್ಲಿ ಸರಕಿನ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚಾಗುತ್ತದೆ. ಕಾಸರಗೋಡಿನಲ್ಲಿ ಎರಡೂ ಬೇಕು.

ಅಂಗಡಿಯ ಹಳೆ ಕಂಪ್ಯೂಟರ್ ಬದಲಾಯಿಸುವಾಗ ಪ್ರೋಗ್ರಾಮನ್ನು ಜಾವಾ 8ರಿಂದ ಜಾವಾ 17ಕ್ಕೆ ತರುವ ಕೆಲಸ ನನಗೆ ಬಂತು. ಮೂಲ ಪ್ರೋಗ್ರಾಂ ಬರೆದವರು ಬೇರೆ ಯಾರೋ. ಈಗ ಅವರು ಆ ಕೆಲಸದಲ್ಲಿಲ್ಲ. ನನ್ನ ಜೊತೆ ಇದ್ದದ್ದು ಎಂಜಿನಿಯರಿಂಗ್ ಮುಗಿಸಿ ಕೆಲಸ ಕಲಿಯುತ್ತಿದ್ದ ಒಬ್ಬಳು ಹುಡುಗಿ. ಈ ಪ್ರಕರಣದ ಹೆಚ್ಚಿನ ಪಾಲು ಅವಳು ಮಾಡಿದ ಪ್ರಯೋಗಗಳದ್ದೇ. ಒಂದು ಮ್ಯಾಪನ್ನು, ಅಂದರೆ ಒಂದೊಂದು ಹೆಸರಿಗೆ ಒಂದೊಂದು ಮಾಹಿತಿ ಜೋಡಿಸಿಟ್ಟ ಪಟ್ಟಿಯನ್ನು, ಕಡಿಮೆ ಸಾಲಿನಲ್ಲಿ ತುಂಬಿಸುವುದು ಹೇಗೆ ಎಂಬ ಸಣ್ಣ ಪ್ರಶ್ನೆಯಿಂದ ಶುರುವಾಯಿತು. ಬೆಳೆಗಾರರ ಗೋಣಿಯಿಂದ ಅನ್ಯಾಯವಾಗಿ ಕಡಿತವಾಗುತ್ತಿದ್ದ ತೂಕದವರೆಗೂ ಅದು ಹೋಯಿತು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು

ಅಂಗಡಿಯಲ್ಲಿ 12 ಸರಕುಗಳು. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು, ಕೋಕ. ಇವಿಷ್ಟು ಅಡಿಕೆಯ ತರಗತಿಗಳು. ನಂತರ ಕಾಳುಮೆಣಸು, ಒಣ ಕೊಕ್ಕೋ, ಹಸಿ ಕೊಕ್ಕೋ, ಗೇರುಬೀಜ, ಕೊಬ್ಬರಿ. ಬಾಗಿಲ ಪಕ್ಕದ ಹಲಗೆಯಲ್ಲಿ ದರ ಬರೆಯುವುದು ಇದೇ ಕ್ರಮದಲ್ಲಿ.

ಕೋಡಿನಲ್ಲಿ ಎರಡು ಹ್ಯಾಶ್‌ಮ್ಯಾಪ್ ಇದ್ದವು. ಜಾವಾದ ಸಾಮಾನ್ಯ ಮ್ಯಾಪ್ ಅದು. ಹುಡುಕಲು ಕೊಡುವುದು ಕೀ, ಅದಕ್ಕೆ ಸಿಗುವುದು ವ್ಯಾಲ್ಯೂ. ಒಂದರಲ್ಲಿ ಕೀ ಎಂದರೆ ಸರಕಿನ ಕನ್ನಡ ಹೆಸರು, ವ್ಯಾಲ್ಯೂ ಎಂದರೆ ಮಲಯಾಳ ಹೆಸರು. ಬಿಲ್ಲಿನ ಪರದೆಯಲ್ಲಿ ಸರಕು ಆರಿಸುವ ಪಟ್ಟಿ ಇದರಿಂದಲೇ ಬರುತ್ತಿತ್ತು. ಇನ್ನೊಂದರಲ್ಲಿ ಕೀ ಅದೇ ಕನ್ನಡ ಹೆಸರು, ವ್ಯಾಲ್ಯೂ ಮಾತ್ರ ಒಂದು ಗೋಣಿಗೆ ಕಳೆಯಬೇಕಾದ ಗ್ರಾಂ. ಹೆಚ್ಚಿನ ಸರಕಿಗೆ 600. ಹಸಿ ಕೊಕ್ಕೋ ತಂದ ಗೋಣಿ ರಸ ಕುಡಿದು ಭಾರವಾಗಿರುತ್ತದೆ, ಅದಕ್ಕೆ 1000 ಎಂದು ಅಂಗಡಿಯ ಲೆಕ್ಕ. ಎರಡೂ ಮ್ಯಾಪ್‌ಗಳನ್ನು ಸ್ಟ್ಯಾಟಿಕ್ ಬ್ಲಾಕಿನಲ್ಲಿ (ಶುರುವಿಗೆ ಒಮ್ಮೆ ಮಾತ್ರ ಓಡುವ ಕೋಡು), ಒಂದೊಂದು ಸಾಲಿಗೆ ಒಂದೊಂದು ಪುಟ್ (ಜೋಡಿ ಸೇರಿಸುವ ಆಜ್ಞೆ) ಹಾಕಿ ತುಂಬಿಸಿದ್ದರು. ಮ್ಯಾಪಿನ ಹೆಸರು, ಪುಟ್, ಕೀ, ವ್ಯಾಲ್ಯೂ. ಮತ್ತೆ ಮ್ಯಾಪಿನ ಹೆಸರು, ಪುಟ್, ಕೀ, ವ್ಯಾಲ್ಯೂ. ಹೀಗೆ ಉದ್ದಕ್ಕೆ.

ಈ ರೀತಿ ಬರೆಯುವುದು ತಪ್ಪೇನಲ್ಲ. 1998ರಲ್ಲಿ ಜಾವಾ 1.2ರ ಜೊತೆ ಹ್ಯಾಶ್‌ಮ್ಯಾಪ್ ಬಂದಾಗಿನಿಂದ ಎಷ್ಟೋ ಕೋಡ್ ಹೀಗೇ ಇದೆ. ತೊಂದರೆ ಓದುವಾಗ. ಪ್ರತಿ ಸಾಲಿನ ಮುಕ್ಕಾಲು ಭಾಗ ಒಂದೇ ಥರ ಇದ್ದರೆ ಕಣ್ಣು ಜಾರುತ್ತದೆ. ಬೇರೆಯಾಗಿರುವ ಕಾಲು ಭಾಗದಲ್ಲಿ ತಪ್ಪು ಕೂತಿದ್ದರೂ ಕಾಣುವುದಿಲ್ಲ. ಇಲ್ಲೂ ಹಾಗೇ ಆಗಿತ್ತು, ಆದರೆ ಅದು ನಮಗೆ ಗೊತ್ತಾದದ್ದು ಆಮೇಲೆ.

"ಸರ್, ಇದನ್ನು ಚಿಕ್ಕದು ಮಾಡ್ಲಾ?" ಎಂದು ಹುಡುಗಿ ಕೇಳಿದಳು. ಮಾಡು, ಆದರೆ ಒಂದೊಂದು ಸಲ ಬದಲಾಯಿಸಿದಾಗಲೂ ಏನು ಬದಲಾಯಿತು ಅಂತ ಬರೆದಿಡು ಎಂದೆ.

ಎರಡು ಜೊತೆ ಆವರಣ

ಹಳೆ ಕಂಪ್ಯೂಟರಿನಲ್ಲಿ ಇನ್ನೂ ಜಾವಾ 8 ಇತ್ತು. ಅದರಲ್ಲಿ ಮ್ಯಾಪನ್ನು ಒಂದೇ ಏಟಿಗೆ ತುಂಬಿಸಲು ಭಾಷೆಯೇ ಕೊಟ್ಟ ದಾರಿ ಇಲ್ಲ. ಹಾಗಾಗಿ ಅವಳು ಎಲ್ಲರೂ ಒಮ್ಮೆಯಾದರೂ ಪ್ರಯತ್ನಿಸುವ ಉಪಾಯ ಹಿಡಿದಳು. ನ್ಯೂ ಹ್ಯಾಶ್‌ಮ್ಯಾಪ್ ಎಂದು ಬರೆದು ಪಕ್ಕದಲ್ಲೇ ಎರಡು ಬಾರಿ ಪುಷ್ಪಾವರಣ ತೆರೆದು, ಒಳಗೆ ಬರೀ ಪುಟ್‌ಗಳನ್ನು ಹಾಕುವುದು. ಇದಕ್ಕೆ ಡಬಲ್ ಬ್ರೇಸ್ ಎನ್ನುತ್ತಾರೆ. ಮ್ಯಾಪಿನ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯುವುದು ತಪ್ಪಿತು. ನೋಡಲು ಅಚ್ಚುಕಟ್ಟು.

ಆದರೆ ಇದು ಮ್ಯಾಪ್ ತುಂಬಿಸಲೆಂದೇ ಇರುವ ರೂಪ ಅಲ್ಲ. ಹೊರಗಿನ ಆವರಣ ಹ್ಯಾಶ್‌ಮ್ಯಾಪಿನಿಂದ ಹುಟ್ಟಿದ ಒಂದು ಹೆಸರಿಲ್ಲದ ಹೊಸ ಕ್ಲಾಸನ್ನೇ (ವಸ್ತುಗಳನ್ನು ಮಾಡುವ ಅಚ್ಚನ್ನೇ) ಮಾಡುತ್ತದೆ. ಒಳಗಿನ ಆವರಣ ಆ ಕ್ಲಾಸಿನ ವಸ್ತು ಹುಟ್ಟುವಾಗ ಓಡುವ ಕೋಡು. ಅಂದರೆ ಹೀಗೆ ಬರೆದ ಪ್ರತಿ ಮ್ಯಾಪಿಗೂ ಒಂದು ಪ್ರತ್ಯೇಕ ಕ್ಲಾಸ್ ಫೈಲ್ ಹುಟ್ಟುತ್ತದೆ. ಇದನ್ನು ಸ್ಟ್ಯಾಟಿಕ್ ಅಲ್ಲದ, ಅಂದರೆ ಒಂದು ವಸ್ತುವಿಗೆ ಸೇರಿದ, ಮೆಥಡ್ (ಹೆಸರಿಟ್ಟ ಕೋಡಿನ ತುಂಡು) ಒಳಗೆ ಬರೆದರೆ ಆ ಮ್ಯಾಪ್ ತನ್ನ ಹೊರಗಿನ ವಸ್ತುವಿನ ಕೊಂಡಿಯನ್ನೂ ಗುಟ್ಟಾಗಿ ಹಿಡಿದುಕೊಳ್ಳುತ್ತದೆ. ಅವಳು ಮ್ಯಾಪನ್ನು ಬಿಲ್ ಪರದೆಯ ಮೆಥಡ್ ಒಳಗೆ ತಂದಿದ್ದಳು. ಹಾಗಾಗಿ 12 ಸಂಖ್ಯೆಗಳ ಮ್ಯಾಪ್ ಬದುಕಿರುವಷ್ಟು ಹೊತ್ತೂ ಇಡೀ ಬಿಲ್ ಪರದೆ ಮೆಮೊರಿಯಲ್ಲಿ ಉಳಿಯುತ್ತಿತ್ತು.

ಇದು ಸಣ್ಣ ಪ್ರೋಗ್ರಾಂ, ಮೆಮೊರಿಯ ಮಾತು ದೊಡ್ಡದಾಗಲಿಲ್ಲ. ಬಿದ್ದದ್ದು ಬೇರೆ ಕಡೆ. ಮುಳ್ಳೇರಿಯದಲ್ಲಿ ಅಂಗಡಿಯ ಒಂದು ಶಾಖೆ ಇದೆ. ಬೆಳಿಗ್ಗೆ ಗೋಣಿ ಕಳೆತದ ಪಟ್ಟಿಯನ್ನು ಇಲ್ಲಿಂದ ಜೇಸನ್ (JSON) ಎಂಬ ಪಠ್ಯ ರೂಪದಲ್ಲಿ ಅಲ್ಲಿಗೆ ಕಳಿಸುತ್ತಾರೆ. ಅದಕ್ಕೆ ಬಳಸುತ್ತಿದ್ದದ್ದು ಗೂಗಲ್‌ನ ಜೀಸನ್ (Gson) ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ. ಪರೀಕ್ಷೆಗೆ ಕಳಿಸಿದ ಪಟ್ಟಿಯ ಜಾಗದಲ್ಲಿ ಆ ಕಡೆ ಬಂದದ್ದು ನಲ್ (ಏನೂ ಇಲ್ಲ) ಎಂಬ ಒಂದೇ ಪದ. ದೋಷದ ಸಂದೇಶ ಇಲ್ಲ. ಪ್ರೋಗ್ರಾಂ ನಿಲ್ಲಲೂ ಇಲ್ಲ.

ಇದು ಜೀಸನ್‌ನ ದೋಷವಲ್ಲ, ಅದರ ನಿಯಮ. ಹೆಸರಿಲ್ಲದ ಕ್ಲಾಸಿನ ವಸ್ತುವನ್ನು ಅದು ಕೈಬಿಟ್ಟು ನಲ್ ಎಂದು ಬರೆಯುತ್ತದೆ. ಮ್ಯಾಪನ್ನು ನೇರವಾಗಿ ಟು ಜೇಸನ್ ಮೆಥಡ್‌ಗೆ ಕೊಟ್ಟಾಗ ಜೀಸನ್ ಅದರ ನಿಜವಾದ ಕ್ಲಾಸ್ ಯಾವುದು ಎಂದು ನೋಡುತ್ತದೆ. ನಮ್ಮ ಕಣ್ಣಿಗೆ ಅದು ಹ್ಯಾಶ್‌ಮ್ಯಾಪ್, ಲೈಬ್ರರಿಯ ಕಣ್ಣಿಗೆ ಯಾವುದೋ ಹೆಸರಿಲ್ಲದ ಕ್ಲಾಸ್. ಇದು ಇಂಥ ಪ್ರಕಾರದ ಮ್ಯಾಪ್ ಎಂದು ಜೀಸನ್‌ನ ಟೈಪ್ ಟೋಕನ್ ಮೂಲಕ ಬಿಡಿಸಿ ಹೇಳಿದರೆ ಸರಿಯಾಗುತ್ತದೆ. ಆದರೆ ಒಂದು ಪಟ್ಟಿ ತುಂಬಿಸುವ ರೀತಿ ಬದಲಾಯಿಸಿದ್ದಕ್ಕೆ, ಅದನ್ನು ಬಳಸುವ ಕಡೆಯೆಲ್ಲ ಹೋಗಿ ರಿಪೇರಿ ಮಾಡಬೇಕಾದರೆ ಅದೆಂಥ ಚಿಕ್ಕ ದಾರಿ? ಈ ರೂಪವನ್ನು ನಾನು ಯಾವ ಹೊಸ ಕೋಡಿಗೂ ಒಪ್ಪುವುದಿಲ್ಲ. ಕಲಿಯುವವರಿಗೆ ಜಾವಾ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಮಾತ್ರ ಒಳ್ಳೆಯದು.

ಹತ್ತರ ಮಿತಿ

ಹೊಸ ಕಂಪ್ಯೂಟರ್ ಬಂತು, ಜಾವಾ 17 ಬಂತು. 2017ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 9ರಿಂದಲೇ ಮ್ಯಾಪ್.ಆಫ್ ಎಂಬ ಮೆಥಡ್ ಇದೆ. ಕೀ, ವ್ಯಾಲ್ಯೂ, ಕೀ, ವ್ಯಾಲ್ಯೂ ಎಂದು ಸಾಲಾಗಿ ಕೊಟ್ಟರೆ ಸಿದ್ಧವಾದ ಮ್ಯಾಪ್ ಕೈಗೆ ಬರುತ್ತದೆ. ಹುಡುಗಿ 12 ಸರಕುಗಳನ್ನೂ ಬರೆದಳು. ಓಡಿಸುವ ಮೊದಲು ಕೋಡನ್ನು ಪರೀಕ್ಷಿಸಿ ಪರಿವರ್ತಿಸುವ ಕಂಪೈಲರ್ ಒಪ್ಪಲಿಲ್ಲ.

ಕಾರಣ, ಮ್ಯಾಪ್.ಆಫ್ 10 ಜೋಡಿಗಳವರೆಗೆ ಮಾತ್ರ. ಖಾಲಿ ಮ್ಯಾಪಿನಿಂದ ಹಿಡಿದು 10 ಜೋಡಿಯವರೆಗೆ ಒಂದೊಂದಕ್ಕೂ ಒಂದೊಂದು ಮೆಥಡ್ ಬರೆದಿಟ್ಟಿದ್ದಾರೆ. "ಲಿಸ್ಟ್.ಆಫ್‌ಗೆ ಎಷ್ಟು ಬೇಕಾದರೂ ಕೊಡಬಹುದು, ಇದಕ್ಕೆ ಯಾಕೆ ಸರ್ ಆಗುವುದಿಲ್ಲ?" ಎಂದು ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಜಾವಾದಲ್ಲಿ ಎಷ್ಟು ಬೇಕಾದರೂ ಕೊಡಬಹುದಾದ ಆರ್ಗ್ಯುಮೆಂಟ್‌ಗಳೆಲ್ಲ (ಮೆಥಡ್‌ಗೆ ಕೊಡುವ ವಿಷಯಗಳು) ಒಂದೇ ಪ್ರಕಾರದವಾಗಿರಬೇಕು. ಮ್ಯಾಪಿನಲ್ಲಿ ಕೀ ಒಂದು ಪ್ರಕಾರ, ವ್ಯಾಲ್ಯೂ ಇನ್ನೊಂದು. ಒಂದು ಬಿಟ್ಟು ಒಂದರಂತೆ ಎರಡು ಪ್ರಕಾರ ಬರಬೇಕು ಎಂದು ಹೇಳುವ ವ್ಯವಸ್ಥೆ ಭಾಷೆಯಲ್ಲಿ ಇಲ್ಲ. ಅದಕ್ಕೇ ಹತ್ತಕ್ಕಿಂತ ಜಾಸ್ತಿ ಇದ್ದರೆ ಮ್ಯಾಪ್.ಆಫ್‌ಎಂಟ್ರೀಸ್ ಬಳಸಬೇಕು. ಅದರಲ್ಲಿ ಪ್ರತಿ ಜೋಡಿಯನ್ನೂ ಮ್ಯಾಪ್.ಎಂಟ್ರಿ ಎಂದು ಕಟ್ಟಿ ಕೊಡುತ್ತೇವೆ. ಆಗ ಎಲ್ಲವೂ ಒಂದೇ ಪ್ರಕಾರ, ಎಂಟ್ರಿ. ಎಷ್ಟಾದರೂ ಆದೀತು.

ನನಗೆ ಹತ್ತರೊಳಗೂ ಆಫ್‌ಎಂಟ್ರೀಸ್ ಹೆಚ್ಚು ಇಷ್ಟ. ಮ್ಯಾಪ್.ಆಫ್‌ನಲ್ಲಿ ಕೀ ಮತ್ತು ವ್ಯಾಲ್ಯೂ ಎರಡೂ ಸ್ಟ್ರಿಂಗ್ (ಪಠ್ಯ) ಆಗಿದ್ದಾಗ ನಡುವೆ ಒಂದು ಜಾಗ ಬದಲಾದರೆ ಕಂಪೈಲರಿಗೆ ಗೊತ್ತಾಗುವುದಿಲ್ಲ. ಕನ್ನಡ ಹೆಸರು, ಮಲಯಾಳ ಹೆಸರು ಎರಡೂ ಸ್ಟ್ರಿಂಗೇ ಅಲ್ವಾ? ಎಂಟ್ರಿಯಾಗಿ ಕಟ್ಟಿದರೆ ಜೋಡಿ ಯಾವುದು ಎಂದು ಕಣ್ಣಿಗಾದರೂ ಕಾಣುತ್ತದೆ.

ಕೋಕ ಎರಡು ಸಲ

ಅವಳು ಎರಡೂ ಪಟ್ಟಿಗಳನ್ನು ಆಫ್‌ಎಂಟ್ರೀಸ್‌ಗೆ ಬದಲಾಯಿಸಿದಳು. ಕಂಪೈಲ್ ಆಯಿತು. ಓಡಿಸಿದರೆ ಪ್ರೋಗ್ರಾಂ ಏಳಲೇ ಇಲ್ಲ. ಪರದೆಯಲ್ಲಿ ಮೊದಲು ಕಂಡದ್ದು ಸ್ಟ್ಯಾಟಿಕ್ ಆರಂಭದಲ್ಲಿ ಏನೋ ಕೆಟ್ಟಿದೆ ಎಂಬ ದೊಡ್ಡ ದೋಷ. ಅದರ ಕೆಳಗೆ ನಿಜವಾದ ಕಾರಣ: ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಷನ್, ಡೂಪ್ಲಿಕೇಟ್ ಕೀ, ಕೋಕ.

ಗೋಣಿ ಕಳೆತದ ಪಟ್ಟಿಯಲ್ಲಿ ಕೋಕ ಎರಡು ಕಡೆ ಇತ್ತು. ಏಳನೇ ಸಾಲಿನಲ್ಲಿ 600. ಹತ್ತನೇ ಸಾಲಿನಲ್ಲಿ 1000. ಹತ್ತನೇ ಸಾಲು ಹಸಿ ಕೊಕ್ಕೋದ್ದಾಗಬೇಕಿತ್ತು. ಮೂಲ ಪ್ರೋಗ್ರಾಂ ಬರೆದವರಿಗೆ ಕೋಕ ಎಂದರೆ ಅಡಿಕೆಯ ಒಂದು ಕೆಳ ತರಗತಿ ಎಂದು ಗೊತ್ತಿರಲಿಲ್ಲವೋ, ಮೇಲಿನ ಸಾಲನ್ನು ನಕಲು ಮಾಡಿ ಸಂಖ್ಯೆ ಮಾತ್ರ ಬದಲಾಯಿಸಿದರೋ, ಈಗ ಹೇಳಲಾಗದು. ಹ್ಯಾಶ್‌ಮ್ಯಾಪಿನ ಪುಟ್‌ಗೆ ಇರುವ ಕೀಯನ್ನೇ ಮತ್ತೆ ಕೊಟ್ಟರೆ ಅದು ಹಳೆ ವ್ಯಾಲ್ಯೂ ತೆಗೆದು ಹೊಸದನ್ನು ಇಡುತ್ತದೆ. ಹಳೆಯದನ್ನು ವಾಪಸ್ ಕೊಡುತ್ತದೆ ನಿಜ. ಆದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಹೀಗೆ ಕೋಕದ ಪ್ರತಿ ಗೋಣಿಗೂ 600ರ ಬದಲು 1000 ಗ್ರಾಂ ಕಡಿತವಾಗುತ್ತಿತ್ತು.

ಹಾಗಾದರೆ ಹಸಿ ಕೊಕ್ಕೋಗೆ? ಅದರ ಕೀಯೇ ಪಟ್ಟಿಯಲ್ಲಿ ಇಲ್ಲ. ಬಿಲ್ ಮಾಡುವಾಗ ಪ್ರೋಗ್ರಾಂ ನಿಲ್ಲಬೇಕಿತ್ತು ಅಲ್ವಾ? ನಿಲ್ಲಲಿಲ್ಲ. ಕಳೆತ ಹುಡುಕುವ ಕಡೆ ಗೆಟ್ ಆರ್ ಡೀಫಾಲ್ಟ್ ಇತ್ತು, ಕೀ ಸಿಗದಿದ್ದರೆ 600 ತೆಗೆದುಕೋ ಎಂದು. ಹಾಗಾಗಿ ಹಸಿ ಕೊಕ್ಕೋಗೆ ಅಂಗಡಿಯವರು ಗೋಣಿಗೆ 400 ಗ್ರಾಂ ಕಡಿಮೆ ಕಳೆಯುತ್ತಿದ್ದರು, ಕೋಕಕ್ಕೆ 400 ಗ್ರಾಂ ಜಾಸ್ತಿ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು. ಅಂಗಡಿಯ ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದದ್ದು ಇದಕ್ಕೇ. ಆದರೆ ಕೋಕ ತಂದವರು ಬೇರೆ, ಕೊಕ್ಕೋ ತಂದವರು ಬೇರೆ. ಒಬ್ಬರಿಂದ ಹೋದದ್ದು ಇನ್ನೊಬ್ಬರಿಗೆ ಬಂದರೆ ನ್ಯಾಯವಾಗುವುದಿಲ್ಲ.

ಅಂಗಡಿಯಲ್ಲಿ ಬಿಲ್ ಮಾಡುವ ರೈಟ್ರನ್ನು ಕೇಳಿದೆವು. ಒಬ್ಬ ಬೆಳೆಗಾರರು ಹಿಂದೊಮ್ಮೆ ಬಿಲ್ ಹಿಡಿದುಕೊಂಡು ಬಂದು ತಕರಾರು ಮಾಡಿದ್ದರಂತೆ. "ಗೋಣಿ ಚಂಡಿಯಾಗಿತ್ತೋ (ಒದ್ದೆಯಾಗಿತ್ತೋ) ಎಂತದೋ ಅಂತ ಎಣಿಸಿದೆ ಮಾಷ್ಟ್ರೇ. ಕಂಪ್ಯೂಟರಲ್ಲಿ ತಪ್ಪು ಉಂಟು ಅಂತ ಯಾರಿಗೆ ಗೊತ್ತು?" ಎಂದರು ರೈಟ್ರು. ಅಂಗಡಿಯ ಧಣಿಗಳಿಗೆ ವಿಷಯ ಹೇಳಿದಾಗ ಅವರು ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ. ಹಳೆ ಬಿಲ್‌ಗಳಿಂದ ಕೋಕ ಕೊಟ್ಟವರ ಹೆಸರು ತೆಗೆಸಿದರು. ಗೋಣಿಗೆ 400 ಗ್ರಾಂ ಲೆಕ್ಕ ಹಾಕಿ ಅವರವರ ಖಾತೆಗೆ ಜಮಾ ಮಾಡಿಸಿದರು. ಕೊಕ್ಕೋದವರಿಂದ ಏನೂ ವಾಪಸ್ ಕೇಳಬಾರದು ಎಂದೂ ಹೇಳಿದರು. ಆ ನಿರ್ಧಾರ ನನಗೆ ಬಹಳ ಸರಿ ಅನ್ನಿಸಿತು.

ಒಂದು ವಿಷಯ ಇಲ್ಲಿ ಗಟ್ಟಿಯಾಗಿ ಹೇಳಬೇಕು. ಪಟ್ಟಿ ಚಿಕ್ಕದಾದದ್ದರಿಂದ ಈ ತಪ್ಪು ಸಿಗಲಿಲ್ಲ. ಒಂದೇ ಕೀ ಎರಡು ಸಲ ಬಂದರೆ ಒಪ್ಪದ ರೂಪವನ್ನು ಆರಿಸಿದ್ದರಿಂದ ಸಿಕ್ಕಿತು. ಎರಡೂ ಬೇರೆ ಬೇರೆ. ಕಾಟ್ಲಿನ್ ಎಂಬ ಭಾಷೆಯ ಮ್ಯಾಪ್‌ಆಫ್ ಇದಕ್ಕಿಂತಲೂ ಚೆಂದ, ಕೀ ಮತ್ತು ವ್ಯಾಲ್ಯೂ ನಡುವೆ ಟು ಎಂದು ಬರೆದರೆ ಸಾಕು. ಆದರೆ ಅಲ್ಲಿ ಕೀ ಮರುಕಳಿಸಿದರೆ ಕೊನೆಯದ್ದು ಸುಮ್ನೆ ಉಳಿಯುತ್ತದೆ. ಪೈಥಾನ್‌ನ ಡಿಕ್ಷನರಿಯೂ ಹಾಗೇ. ಸಿ ಶಾರ್ಪ್‌ನಲ್ಲಂತೂ ಒಂದೇ ಭಾಷೆಯಲ್ಲಿ ಎರಡು ನಡತೆ ಇದೆ. ಮೊದಲಿಂದ ಇದ್ದ ರೂಪದಲ್ಲಿ ಪ್ರತಿ ಜೋಡಿಯನ್ನು ಪುಷ್ಪಾವರಣದಲ್ಲಿ ಬರೆಯುತ್ತಾರೆ. ಅದು ಒಳಗೆ ಆ್ಯಡ್ ಮೆಥಡನ್ನು ಕರೆಯುತ್ತದೆ, ಕೀ ಮರುಕಳಿಸಿದರೆ ದೋಷ ಎಸೆಯುತ್ತದೆ. 2015ರ ಸಿ ಶಾರ್ಪ್ 6ರಲ್ಲಿ ಬಂದ ಹೊಸ ರೂಪದಲ್ಲಿ ಕೀಯನ್ನು ಚೌಕ ಆವರಣದಲ್ಲಿಟ್ಟು ಸಮ ಚಿಹ್ನೆ ಹಾಕುತ್ತಾರೆ. ಅದು ತುಟಿ ಬಿಚ್ಚದೆ ಮೇಲೆ ಬರೆದುಬಿಡುತ್ತದೆ. ನೋಡಲು ಎರಡನೆಯದೇ ಸ್ಪಷ್ಟ. ನಾನು ದರ, ತೂಕ, ತೆರಿಗೆ ಇಂಥ ಪಟ್ಟಿಗಳಿಗೆ ಮೊದಲನೆಯದನ್ನೇ ಬಳಸುತ್ತೇನೆ.

ದಿನಕ್ಕೊಂದು ಕ್ರಮ

ಕೋಕದ ಸಾಲು ಸರಿಮಾಡಿ ಪ್ರೋಗ್ರಾಮನ್ನು ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟೆವು. ಹಳೆಯದೂ ಪಕ್ಕದಲ್ಲೇ ಓಡುತ್ತಿತ್ತು. ರೈಟ್ರು ಸಿಟ್ಟಿನಿಂದ ಫೋನ್ ಮಾಡಿದರು. "ಎಂತ ಮಾಷ್ಟ್ರೇ ಇದು? ನಿನ್ನೆ ಮೂರನೇದು ಡಬಲ್ ಚೋಲ್ ಇತ್ತು. ಇವತ್ತು ಅಲ್ಲಿ ಉಳ್ಳಿ ಉಂಟು!"

ರೈಟ್ರು ಸರಕಿನ ಹೆಸರು ಓದಿ ಆರಿಸುವವರಲ್ಲ. ಎದುರು ತಕ್ಕಡಿ, ಸುತ್ತ ಜನ. ಕೆಳಗಿನ ಬಾಣದ ಕೀಲಿ ಇಷ್ಟು ಸಲ ಒತ್ತಿದರೆ ಇಂಥದು ಎಂದು ಬೆರಳಿಗೆ ಅಭ್ಯಾಸವಾಗಿದೆ. ಹಾಗೇ ಒತ್ತಿ ಡಬಲ್ ಚೋಲ್ ಅಡಿಕೆಗೆ ಉಳ್ಳಿಯ ಬಿಲ್ ಬಂತು. ಮೊತ್ತ ತೀರಾ ಕಡಿಮೆ ಬಂದದ್ದರಿಂದ ಕೂಡಲೇ ಗೊತ್ತಾಯಿತು.

ಮ್ಯಾಪ್.ಆಫ್ ಮತ್ತು ಆಫ್‌ಎಂಟ್ರೀಸ್ ಕ್ರಮದ ಬಗ್ಗೆ ಯಾವ ಮಾತೂ ಕೊಡುವುದಿಲ್ಲ. ಅಷ್ಟೇ ಅಲ್ಲ, ಕ್ರಮವನ್ನು ಯಾರೂ ನಂಬಿಕೊಳ್ಳಬಾರದು ಎಂದು ಬೇಕೆಂದೇ ಅದನ್ನು ಕಲಸುತ್ತವೆ. ಪ್ರೋಗ್ರಾಂ ಶುರುವಾಗುವಾಗ ಜಾವಾ ಒಂದು ಸಂಖ್ಯೆ ಆರಿಸಿಕೊಳ್ಳುತ್ತದೆ. ಮ್ಯಾಪಿನಲ್ಲಿ ಯಾವುದು ಎಲ್ಲಿ ಕೂರಬೇಕು ಎಂಬುದಕ್ಕೆ ಅದೂ ಸೇರುತ್ತದೆ. ಒಂದು ಸಲ ಶುರುಮಾಡಿದರೆ ಮುಚ್ಚುವವರೆಗೆ ಕ್ರಮ ಒಂದೇ. ಮರುದಿನ ಬೆಳಿಗ್ಗೆ ಬೇರೆ ಇರಬಹುದು.

ಹಳೆ ಹ್ಯಾಶ್‌ಮ್ಯಾಪ್ ಕೂಡ ಹಲಗೆಯ ಕ್ರಮದಲ್ಲಿ ಇರಲಿಲ್ಲ. ಅದರ ಕ್ರಮ ಕೀಗಳ ಹ್ಯಾಶ್ ಸಂಖ್ಯೆಯಿಂದ, ಅಂದರೆ ಕೀಯಿಂದ ಲೆಕ್ಕ ಹಾಕಿ ಪಡೆದ ಸಂಖ್ಯೆಯಿಂದ, ಬರುತ್ತದೆ. ಸ್ಟ್ರಿಂಗಿನ ಹ್ಯಾಶ್ ದಿನದಿಂದ ದಿನಕ್ಕೆ ಬದಲಾಗದು, ಹಾಗಾಗಿ ಅಸ್ತವ್ಯಸ್ತವಾದರೂ ದಿನಾ ಒಂದೇ ಅಸ್ತವ್ಯಸ್ತ. ರೈಟ್ರು ಅದನ್ನೇ ಕಲಿತುಕೊಂಡಿದ್ದರು. ಅದಕ್ಕೂ ಒಂದು ಗಂಡಾಂತರ ಕಾದಿತ್ತು. ಹ್ಯಾಶ್‌ಮ್ಯಾಪ್ ಶುರುವಿಗೆ 16 ಮನೆಗಳನ್ನು ಇಟ್ಟುಕೊಳ್ಳುತ್ತದೆ, ಮುಕ್ಕಾಲು ಪಾಲು, ಅಂದರೆ 12 ತುಂಬುವವರೆಗೆ ಸುಮ್ಮನಿರುತ್ತದೆ. 13ನೇ ಕೀ ಬಂದ ಕೂಡಲೇ ಮನೆಗಳನ್ನು 32ಕ್ಕೆ ಏರಿಸಿ ಎಲ್ಲವನ್ನೂ ಮತ್ತೆ ಹಂಚುತ್ತದೆ. ಅಂಗಡಿಯಲ್ಲಿ ಆಗ ಇದ್ದದ್ದು ಸರಿಯಾಗಿ 12 ಸರಕು. ಇನ್ನೊಂದು ಸೇರಿಸಿದ ದಿನ ಇಡೀ ಪಟ್ಟಿ ಅದಲುಬದಲಾಗುತ್ತಿತ್ತು.

ಕ್ರಮ ಬೇಕಾದ ಕಡೆ ಲಿಂಕ್ಡ್ ಹ್ಯಾಶ್‌ಮ್ಯಾಪ್ ಬಳಸಬೇಕು, ಅದು ಸೇರಿಸಿದ ಕ್ರಮವನ್ನೇ ಇಟ್ಟುಕೊಳ್ಳುತ್ತದೆ. ಗೂಗಲ್‌ನ ಗ್ವಾವಾ ಲೈಬ್ರರಿಯ ಇಮ್ಯೂಟಬಲ್ ಮ್ಯಾಪ್ ಕೂಡ ಕ್ರಮ ಉಳಿಸುತ್ತದೆ, ಕೀ ಮರುಕಳಿಸಿದರೂ ಒಪ್ಪುವುದಿಲ್ಲ. ಆ ಲೈಬ್ರರಿ ಈಗಾಗಲೇ ಇರುವ ಪ್ರಾಜೆಕ್ಟಿನಲ್ಲಿ ನಾನು ಅದನ್ನೇ ಆರಿಸುತ್ತೇನೆ. ಇಲ್ಲಿ ಇರಲಿಲ್ಲ. ಇದೊಂದಕ್ಕಾಗಿ ಸೇರಿಸುವ ಅಗತ್ಯವೂ ಕಾಣಲಿಲ್ಲ.

ಇನ್ನೆರಡು ಸಣ್ಣ ಏಟುಗಳು ಬಿದ್ದವು, ಬೇಗ ಹೇಳಿ ಮುಗಿಸುತ್ತೇನೆ. ಸರಕು ಆರಿಸದೆ ಎಂಟರ್ ಒತ್ತಿದರೆ ಹಳೆ ಮ್ಯಾಪ್ ನಲ್ ಕೀಯನ್ನೂ ಸಹಿಸಿಕೊಂಡು 600 ಕೊಡುತ್ತಿತ್ತು. ಹೊಸದು ನಲ್ ಪಾಯಿಂಟರ್ ಎಕ್ಸೆಪ್ಷನ್ ಎಸೆಯಿತು. ಅದು ಎಸೆದದ್ದೇ ಸರಿ. ಮತ್ತೆ, ಮಳೆಗಾಲಕ್ಕೆಂದು ಒಂದು ಬಟನ್ ಇತ್ತು. ಒತ್ತಿದರೆ ಮ್ಯಾಪಿನ ಎಲ್ಲ ಸಂಖ್ಯೆಗಳನ್ನೂ ಹೆಚ್ಚಿಸುತ್ತಿತ್ತು. ಎರಡು ಸಲ ಒತ್ತಿದರೆ ಎರಡು ಸಲ ಹೆಚ್ಚುತ್ತಿತ್ತು! ಮ್ಯಾಪ್.ಆಫ್ ಕೊಡುವ ಮ್ಯಾಪನ್ನು ತಿದ್ದಲು ಆಗುವುದಿಲ್ಲವಾದ್ದರಿಂದ ಇದೂ ಹೊರಬಿತ್ತು. ಮಳೆಗಾಲದ ಹೆಚ್ಚುವರಿಯನ್ನು ಬೇರೆಯೇ ಒಂದು ಸಂಖ್ಯೆಯಾಗಿ ಇಟ್ಟೆವು.

ಕಾಣದ ಅಕ್ಷರ

ಎರಡೂ ಪಟ್ಟಿಗಳ ಕೀಗಳನ್ನು ಒಂದಕ್ಕೊಂದು ತಾಳೆ ನೋಡು ಎಂದು ಹುಡುಗಿಗೆ ಹೇಳಿದ್ದೆ. ಹಸಿ ಕೊಕ್ಕೋದಂತೆ ಇನ್ಯಾವುದಾದರೂ ಬಿಟ್ಟುಹೋಗಿದೆಯೇ ಎಂದು ತಿಳಿಯಬೇಕಿತ್ತು. ಅವಳ ಕೋಡು ಡಬಲ್ ಚೋಲ್ ಇಲ್ಲ ಎಂದಿತು. ಆದರೆ ಎರಡೂ ಪಟ್ಟಿಯಲ್ಲಿ ಡಬಲ್ ಚೋಲ್ ಕಣ್ಣೆದುರೇ ಇದೆ!

ಅಕ್ಷರಗಳ ಸಂಖ್ಯೆ ಎಣಿಸಿದಾಗ ಒಂದರಲ್ಲಿ ಒಂದು ಜಾಸ್ತಿ ಬಂತು. ಮೊದಲ ಪದದ ಕೊನೆಯ ಅರ್ಧಾಕ್ಷರದ ನಂತರ, ಖಾಲಿ ಜಾಗಕ್ಕಿಂತ ಮೊದಲು, ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಅಕ್ಷರ ಕೂತಿತ್ತು. ಕನ್ನಡದಲ್ಲಿ ಇದು ಬೇಕಾದದ್ದೇ. ಸಾಫ್ಟ್‌ವೇರ್ ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯುವುದು ಇದೇ. ಆದರೆ ಕೆಲವು ಕೀಬೋರ್ಡ್‌ಗಳು, ಫಾಂಟ್ ಪರಿವರ್ತಕಗಳು ಬೇಡದ ಕಡೆಯೂ ಸೇರಿಸುತ್ತವೆ. ಕಣ್ಣಿಗೆ ಎರಡೂ ಒಂದೇ, ಜಾವಾಗೆ ಎರಡು ಬೇರೆ ಕೀ. ಟ್ರಿಮ್ ಮಾಡಿದರೆ ಹೋಗುವುದಿಲ್ಲ, ಯೂನಿಕೋಡ್ ನಾರ್ಮಲೈಸರ್ ಕೂಡ ಅದನ್ನು ಮುಟ್ಟುವುದಿಲ್ಲ. ಡಬಲ್ ಚೋಲಿನ ಕಳೆತ ಇಷ್ಟು ದಿನ ಸಿಗುತ್ತಿದ್ದದ್ದು ಅದೇ 600ರ ಡೀಫಾಲ್ಟ್‌ನಿಂದ. ಸರಿಯಾದ ಸಂಖ್ಯೆಯೂ 600 ಆಗಿದ್ದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಅಷ್ಟೆ.

ಇದನ್ನು ಮ್ಯಾಪ್.ಆಫ್ ಹಿಡಿಯಲಾರದು, ಯಾವ ಚಿಕ್ಕ ರೂಪವೂ ಹಿಡಿಯಲಾರದು. ಕನ್ನಡದಲ್ಲಿ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪರದೆಯಲ್ಲಿ ತೋರಿಸುವ ಕನ್ನಡ ಪಠ್ಯವನ್ನೇ ಮ್ಯಾಪಿನ ಕೀ ಮಾಡಬೇಡಿ. ಹೆಸರು ತೋರಿಸಲು ಇರಲಿ, ಹುಡುಕಲು ಬೇರೆ ಗುರುತು ಇರಲಿ.

ಎರಡು ಪಟ್ಟಿ ಹೋಗಿ ಒಂದಾಯಿತು

ಇಷ್ಟೆಲ್ಲ ನೋಡಿದ ಮೇಲೆ ಎರಡು ಮ್ಯಾಪ್ ಯಾಕೆ ಎಂಬ ಪ್ರಶ್ನೆ ತಾನಾಗಿ ಬಂತು. ಎರಡಕ್ಕೂ ಕೀಗಳು ಅವೇ. ಅಂಗಡಿಗೆ ಪ್ಲಾಸ್ಟಿಕ್ ಚೀಲದಲ್ಲೂ ಸರಕು ಬರುತ್ತದೆ, ಅದಕ್ಕೆ ಬೇರೆ ಕಳೆತ. ಹಾಗೆ ಮೂರನೇ ಮ್ಯಾಪ್ ಕೂಡ ಸೇರುವುದರಲ್ಲಿತ್ತು. ಅದೇ ಕೀಗಳು ಮೂರು ಕಡೆ ಇದ್ದರೆ ಮೂರು ಕಡೆ ತಪ್ಪಬಹುದು.

ನಾವು ಕೊನೆಗೆ ಬರೆದದ್ದು ಒಂದು ಎನಮ್, ಅಂದರೆ ಕೋಡಿನಲ್ಲೇ ನಿಗದಿ ಮಾಡಿದ ಹೆಸರುಗಳ ಪಟ್ಟಿ. ಹೆಸರು ಸರಕು. ಅದರ ಒಂದೊಂದು ಕಾನ್‌ಸ್ಟಂಟ್ (ಪಟ್ಟಿಯ ಒಂದು ಹೆಸರು) ಹಲಗೆಯ ಒಂದೊಂದು ಸಾಲು. ಅದನ್ನು ಕಟ್ಟುವ ಕೋಡಿಗೆ, ಅಂದರೆ ಕನ್‌ಸ್ಟ್ರಕ್ಟರಿಗೆ, ನಾಲ್ಕು ವಿಷಯ: ಕನ್ನಡ ಹೆಸರು, ಮಲಯಾಳ ಹೆಸರು, ಸೆಣಬಿನ ಗೋಣಿಯ ಕಳೆತ, ಪ್ಲಾಸ್ಟಿಕ್ ಚೀಲದ ಕಳೆತ. 12 ಸರಕಿಗೆ 12 ಸಾಲು. ಯಾವ ಸಾಲಿನಲ್ಲೂ ಪುಟ್ ಇಲ್ಲ, ಎಂಟ್ರಿ ಇಲ್ಲ. ಕೋಕ ಎಂದು ಎರಡು ಸಲ ಬರೆದರೆ ಕಂಪೈಲ್ ಆಗುವುದಿಲ್ಲ. ಒಂದು ಸಂಖ್ಯೆ ಬಿಟ್ಟರೂ ಕಂಪೈಲ್ ಆಗುವುದಿಲ್ಲ. ಬರೆದ ಕ್ರಮವೇ ಪಟ್ಟಿಯ ಕ್ರಮ. ಗೆಟ್ ಆರ್ ಡೀಫಾಲ್ಟ್‌ಗೆ ಕೆಲಸವೇ ಉಳಿಯಲಿಲ್ಲ.

ಜಾವಾದಲ್ಲಿ ಕಾನ್‌ಸ್ಟಂಟ್‌ನ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಭಾಷೆ ಒಪ್ಪುತ್ತದೆ. ನನಗೂ ಆಸೆ ಇತ್ತು. ಆದರೆ ಆ ಕಾಣದ ಅಕ್ಷರದ ಅನುಭವ ಹಸಿಯಾಗಿದ್ದಾಗ ಇಂಗ್ಲಿಷ್ ಅಕ್ಷರಗಳಲ್ಲೇ ಇಡೋಣ ಎಂದು ಇಬ್ಬರೂ ಒಪ್ಪಿದೆವು.

ಎನಮ್ ಎಲ್ಲ ಕಡೆಗೂ ಹೊಂದುವುದಿಲ್ಲ. ಸರಕುಗಳನ್ನು ಅಂಗಡಿಯವರೇ ಪದೇ ಪದೇ ಸೇರಿಸುವುದು, ತೆಗೆಯುವುದು ಇದ್ದರೆ ಪಟ್ಟಿ ಫೈಲಿನಲ್ಲೋ ಡೇಟಾಬೇಸಿನಲ್ಲೋ ಇರಬೇಕು. ಆಗ ಓದಿ ಮ್ಯಾಪಿಗೆ ತುಂಬಿಸುವಾಗ ಪುಟ್ ವಾಪಸ್ ಕೊಡುವುದನ್ನು ನೋಡಿ. ನಲ್ ಅಲ್ಲದೆ ಬೇರೇನಾದರೂ ಬಂದರೆ ಅಲ್ಲೇ ನಿಲ್ಲಿಸಿ. ಸ್ಟ್ರೀಮ್‌ನ ಕಲೆಕ್ಟರ್ಸ್.ಟುಮ್ಯಾಪ್ ಬಳಸಿದರೆ ಅದು ಮರುಕಳಿಸಿದ ಕೀಗೆ ತಾನೇ ದೋಷ ಎಸೆಯುತ್ತದೆ. ಇಲ್ಲಿ ಹೊಸ ಸರಕು ಬರುವುದು ಅಪರೂಪ. ಬಂದರೂ ಮಲಯಾಳ ಹೆಸರು ಯಾವುದು, ಕಳೆತ ಎಷ್ಟು ಎಂದು ಕೂತು ಮಾತಾಡಿಯೇ ಸೇರಿಸುತ್ತಾರೆ.

ಮ್ಯಾಪ್‌ಗಳು ಪೂರ್ತಿ ಹೋಗಲಿಲ್ಲ. ಆ ದಿನದ ದರ, ಎನಮ್‌ನ ಹೆಸರುಗಳೇ ಕೀ ಆಗಿರುವ ಎನಮ್‌ಮ್ಯಾಪಿನಲ್ಲಿದೆ. ಬೆಳಿಗ್ಗೆ ರೈಟ್ರು ದರ ತುಂಬಿಸುತ್ತಾರೆ, ಯಾವುದಾದರೂ ಸರಕು ಬಿಟ್ಟುಹೋದರೆ ಬಿಲ್ ಪರದೆ ತೆರೆಯುವುದಿಲ್ಲ, ಬಿಟ್ಟ ಹೆಸರನ್ನು ತೋರಿಸುತ್ತದೆ. ಇನ್ನೊಂದು ಕಡೆ ಮ್ಯಾಪ್.ಆಫ್ ಕೂಡ ಉಳಿದಿದೆ. ಸರಕು ತರಲು ಅಂಗಡಿಯ ಗಾಡಿ ಪೆರ್ಲ, ನೀರ್ಚಾಲು, ಸೀತಾಂಗೋಳಿ, ಕುಂಬಳೆ, ಅಡೂರು ಕಡೆಗೆಲ್ಲ ಹೋಗುತ್ತದೆ. ಯಾವ ಊರಿಗೆ ಯಾವ ವಾರ ಎಂಬ ಪಟ್ಟಿ ಅದು. ಹತ್ತಕ್ಕಿಂತ ಕಡಿಮೆ ಊರು, ಕ್ರಮ ಯಾರಿಗೂ ಬೇಡ, ಓಡುವಾಗ ಬದಲಾಗುವುದಿಲ್ಲ, ಒಂದು ಊರು ಎರಡು ಸಲ ಬರಬಾರದು. ಕೀ ಕೂಡ ಊರಿನ ಸಂಕೇತ, ಕನ್ನಡ ಪಠ್ಯ ಅಲ್ಲ. ಇಂಥ ಪಟ್ಟಿಗೆ ಮ್ಯಾಪ್.ಆಫ್‌ಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹೊಸ ಪ್ರೋಗ್ರಾಮಿನಲ್ಲಿ ಪಟ್ಟಿ ಹಲಗೆಯ ಕ್ರಮಕ್ಕೆ ಬಂದದ್ದರಿಂದ ರೈಟ್ರ ಬೆರಳಿನ ಹಳೆ ಅಭ್ಯಾಸ ನಡೆಯುವ ಹಾಗಿರಲಿಲ್ಲ. ಅವರಿಗಾಗಿ ಪ್ರತಿ ಸರಕಿನ ಮುಂದೆ ಒಂದು ಸಂಖ್ಯೆ ಹಾಕಿದೆವು. ಆ ಸಂಖ್ಯೆ ಒತ್ತಿದರೆ ಅದೇ ಸರಕು ಬರುತ್ತದೆ, ಹಲಗೆಯಲ್ಲೂ ಅದೇ ಸಂಖ್ಯೆ ಬರೆಸಿದ್ದಾರೆ. ಈಗ ಬೆಳೆಗಾರರೂ ಸಂಖ್ಯೆ ಹೇಳಿಯೇ ಸರಕು ಇಳಿಸುತ್ತಾರಂತೆ.

ಆಮೇಲೆ ಅಂಗಡಿಯಲ್ಲಿ ಜಾಯಿಕಾಯಿ ಕೊಳ್ಳಲು ಶುರುಮಾಡಿದರು. 13ನೇ ಸರಕು. ಹುಡುಗಿ ಎನಮ್‌ಗೆ ಒಂದು ಸಾಲು ಸೇರಿಸಿದಳು. ಪ್ಲಾಸ್ಟಿಕ್ ಚೀಲದ ಸಂಖ್ಯೆ ಅವಳಿಗೆ ಗೊತ್ತಿರಲಿಲ್ಲ, ಬಿಟ್ಟಳು. ಕಂಪೈಲರ್ ಅಲ್ಲೇ ತಡೆಯಿತು. ಸೊನ್ನೆ ಹಾಕಿ ಮುಂದೆ ಹೋಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ, ಧಣಿಗಳಿಗೆ ಫೋನ್ ಮಾಡಿದಳು. "ಜಾಯಿಕಾಯಿ ಪ್ಲಾಸ್ಟಿಕ್ ಚೀಲದಲ್ಲಿ ಬಂದ್ರೆ ಎಷ್ಟು ಕಳೀಬೇಕು?" ಅವರು ಒಂದು ಖಾಲಿ ಚೀಲ ತಕ್ಕಡಿಗೆ ಇಡಿಸಿ, ತೂಕ ನೋಡಿ ಹೇಳಿದರು. ಅವಳು ಆ ಸಂಖ್ಯೆ ಬರೆದಳು, ಪ್ರೋಗ್ರಾಂ ಕಂಪೈಲ್ ಆಯಿತು.